ಯಾರೂ ತಟ್ಟದ ಹದಿಮೂರು ದಿನ

ಹದಿಮೂರನೆಯ ದಿನದ ಊಟ ಮುಗಿದು, ಬಂದವರೆಲ್ಲ ತಂತಮ್ಮ ಊರಿಗೆ ಹೋದರು. ಮರುದಿನ ಸೋಮವಾರ. ಸಾವಿನ ನಂತರ ಆ ಮನೆಗೆ ಬಂದ ಮೊದಲ ಮಾಮೂಲಿ ಬೆಳಗು. ಬಾವಿಯ ಗಾಲಿ ಕಿರುಗುಟ್ಟಿತು. ಹಾಲಿನವನು ಕೂಗಿ ಹೋದ. ಅಡುಗೆಮನೆಯಲ್ಲಿ ಚಹಾ ಕುದಿಯತೊಡಗಿತು. ಕುದಿಯುತ್ತಲೇ ಇತ್ತು.

"ನೀಲಾ, ಚಹಾ ಕಷಾಯ ಆತಲ್ಲ. ಯಾಕ ಸೋಸವಲ್ಲಿ?" ಎಂದು ಅತ್ತೆ ಗುರುಸಂಗವ್ವ ಒಳಗಿನಿಂದ ಕೇಳಿದರು.

"ಇನ್ನೂ ತಟ್ಟಿಲ್ರಿ" ಎಂದಳು ಆಕೆ.

ಹೇಳಿದ ಮೇಲೆ ಆಕೆಗೆ ತಿಳಿಯಿತು. ಅತ್ತೆಗೂ ತಿಳಿಯಿತು. ಸ್ಟೋವು ಆರಿಸಿದ ಸದ್ದು ಪಡಸಾಲೆಯ ಗೋಡೆಯಲ್ಲಿದ್ದ ನನಗೂ ಕೇಳಿಸಿತು.

ತಟ್ಟಬೇಕಾಗಿದ್ದುದು ನನ್ನನ್ನು.

ನಾನೊಂದು ವಾಯುಭಾರ ಮಾಪಕ. ಗಡಿಯಾರದಂತೆ ದುಂಡಗಿದ್ದೇನೆ, ಅದಕ್ಕೇ ಓಣಿಯವರು ನನ್ನನ್ನು 'ಹವಾದ ಗಡಿಯಾರ' ಎನ್ನುತ್ತಾರೆ. ನಾನು ಹುಟ್ಟಿದ್ದು ಕಲಕತ್ತೆಯ ಒಂದು ಸಣ್ಣ ಕಾರ್ಖಾನೆಯಲ್ಲಿ. ತೆಳು ತಗಡಿನ ಡಬ್ಬಿಯೊಂದನ್ನು ಮಾಡಿ, ಅದರೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ಬಾಯಿಗೆ ಬೆಸುಗೆ ಹಾಕಿದರು. ಹೊರಗಿನ ಗಾಳಿ ಅದನ್ನು ಅಪ್ಪಚ್ಚಿ ಮಾಡದಂತೆ ಒಂದು ಸ್ಪ್ರಿಂಗು ಎಳೆದು ಹಿಡಿದಿದೆ. ಗಾಳಿಯ ಭಾರ ಹೆಚ್ಚಿದರೆ ಡಬ್ಬಿ ಕುಗ್ಗುತ್ತದೆ. ಕಡಿಮೆಯಾದರೆ ಉಬ್ಬುತ್ತದೆ. ಅಷ್ಟೇ ನನ್ನ ಉಸಿರಾಟ. ಕೂದಲೆಳೆಯಂಥ ಒಂದು ಸರಪಳಿ ಅದನ್ನು ಮುಳ್ಳಿಗೆ ಮುಟ್ಟಿಸುತ್ತದೆ. ಒಳಗೆ ಏನೂ ಇಲ್ಲದಿರುವುದೇ ನನ್ನ ಕಸುಬು. ಎಲ್ಲಿಯಾದರೂ ಒಂದು ಬಿರುಕು ಬಿಟ್ಟು ಗಾಳಿ ಒಳಗೆ ಬಂದರೆ ನನ್ನ ಕೆಲಸ ಮುಗಿಯಿತು.

ನನಗೆ ಎರಡು ಮುಳ್ಳು. ಕರಿಯದು ನನ್ನದು, ತಾನಾಗಿ ಸರಿಯುತ್ತದೆ. ಹಿತ್ತಾಳೆಯದು ನೋಡುವವರದು. ನೋಡಿದವರು ಗಾಜಿನ ನಡುವಿನ ಗುಂಡಿ ತಿರುಗಿಸಿ ಅದನ್ನು ಕರಿಯ ಮುಳ್ಳಿನ ಮೇಲೆ ತಂದು ನಿಲ್ಲಿಸುತ್ತಾರೆ. ಮರುದಿನ ಬಂದಾಗ ಕರಿಯದು ಎಷ್ಟು ಸರಿದಿದೆ ಎಂದು ಅದರಿಂದ ತಿಳಿಯುತ್ತದೆ. ಅಂದರೆ ಹಿತ್ತಾಳೆಯ ಮುಳ್ಳು ನಿನ್ನೆಯನ್ನು ಹಿಡಿದುಕೊಂಡು ನಿಂತಿರುತ್ತದೆ.

ನನ್ನ ಮೊದಲ ಮನೆ ಒಂದು ಹಡಗು. ಮುಂಬಯಿಯಿಂದ ಮಂಗಳೂರಿಗೆ ಸರಕು ಒಯ್ಯುತ್ತಿತ್ತು. ಅದರ ಕಪ್ತಾನ ನನ್ನನ್ನು ಚುಟ್ಟಾ ಹಿಡಿದ ಕೈಯಿಂದಲೇ ಬಡಿಯುತ್ತಿದ್ದ. ಇಪ್ಪತ್ತು ವರ್ಷ ಉಪ್ಪುಗಾಳಿ ಕುಡಿದು ನನ್ನ ಕೀಲಿಗೆ ತುಕ್ಕು ಹಿಡಿಯಿತು. ಅಂದಿನಿಂದ ನನಗೊಂದು ಊನ. ಡಬ್ಬಿಗೆ ಗೊತ್ತಾದದ್ದು ಮುಳ್ಳಿಗೆ ಕೂಡಲೇ ಗೊತ್ತಾಗುವುದಿಲ್ಲ. ಮುಳ್ಳು ಇದ್ದಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಯಾರಾದರೂ ಗಾಜನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಬೇಕು. ಆಗ ಅದು ಬಿಡಿಸಿಕೊಂಡು ತನ್ನ ಜಾಗಕ್ಕೆ ಹೋಗುತ್ತದೆ.

ಹಡಗನ್ನು ಒಡೆದು ಮಾರಿದರು. ನಾನು ಮುಂಬಯಿಯ ಹಳೆ ಸಾಮಾನಿನ ಸಂತೆಯಲ್ಲಿ, ಮುರಿದ ಫ್ಯಾನುಗಳ ನಡುವೆ ಮುಖ ಕೆಳಗಾಗಿ ಬಿದ್ದಿದ್ದೆ. ಗಡಿಯಾರದ ಬಿಡಿಭಾಗ ಕೊಳ್ಳಲು ಬಂದಿದ್ದ ಬಾಗಲಕೋಟೆಯ ರಾಜೇಸಾಬ ನನ್ನನ್ನು ಎತ್ತಿಕೊಂಡ. ಆತ ಗಡಿಯಾರ ರಿಪೇರಿಯವನು. ಬೆನ್ನ ಹಿಂದಿನ ತಿರುಪು ತಿರುಗಿಸಿ ಸಮುದ್ರದ ನನ್ನನ್ನು ಬಯಲುಸೀಮೆಯ ಎತ್ತರಕ್ಕೆ ಹೊಂದಿಸಿದ. ಹಳೆಯ ಪೇಟೆಯ ಅಂಗಡಿಯಲ್ಲಿ ತೂಗುಹಾಕಿದ. ಮುಂದೆ ಆಣೆಕಟ್ಟಿನ ಹಿನ್ನೀರು ಬಂದು ಆ ಪೇಟೆ ಮುಳುಗಿತು. ಆತ ನನ್ನನ್ನು ಹೊಸ ಊರಿನ ಅಂಗಡಿಗೆ ಒಯ್ದ. ಬಂದವರೆಲ್ಲ ಹೊತ್ತು ಕೇಳುತ್ತಿದ್ದರು. ಹವೆ ಕೇಳಿದವರಿಲ್ಲ.

ಕೇಳಿದವರು ಪ್ರಭುಲಿಂಗ ಮಾಸ್ತರರು ಒಬ್ಬರೇ.

ಅವರು ಬಾಗಲಕೋಟೆಯಿಂದ ಗಂಟೆಯ ದಾರಿಯ ಕೆಂಗುಡ್ಡದವರು. ಅಲ್ಲಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದರು. ಕೈಗಡಿಯಾರದ ಪಟ್ಟಿ ಹಾಕಿಸಲು ಬಂದವರು ನನ್ನನ್ನು ನೋಡಿ ಪಟ್ಟಿ ಮರೆತರು.

"ನಾಕ ದಿನಕ್ಕ ಕೊಡ್ರಿ ಚಾಚಾ. ಒಂಬತ್ತನೇತ್ತಿ ಹುಡುಗ್ರಿಗೆ ತೋರಿಸಿ ತಂದ ಕೊಡ್ತೀನಿ."

"ಒಯ್ಯೋ ಮಾರಾಯಾ" ಎಂದ ರಾಜೇಸಾಬ. "ಗ್ವಾಡಿ ನೋಡ್ಕೋತ ಕುಂತೈತಿ. ನಿನ್ನ ಹುಡುಗ್ರ ಮಾರಿನರ ನೋಡ್ಲಿ."

ಆ ನಾಲ್ಕು ದಿನ ಎಂಟು ವರ್ಷವಾಯಿತು.

ಕಾರಣ ಹೇಳಬೇಕು. ಕೆಂಗುಡ್ಡ ನೇಕಾರರ ಊರು. ಸೀರೆಯ ಉದ್ದದ ಎಳೆಗಳನ್ನು ಅಲ್ಲಿ ಹಾಸು ಎನ್ನುತ್ತಾರೆ. ಮಗ್ಗಕ್ಕೆ ಏರಿಸುವ ಮುಂಚೆ ಹಾಸನ್ನು ಬಿಗಿಯಾಗಿ ಚಾಚಿ, ಗಂಜಿ ಬಳಿದು, ಒಣಗಿಸಬೇಕು. ಒಂದು ಹಾಸು ಎಂದರೆ ಆರು ಸೀರೆಯ ಉದ್ದ. ಅಷ್ಟು ಉದ್ದದ ಜಾಗ ಯಾರ ಮನೆಯಲ್ಲೂ ಇಲ್ಲ. ಹಾಗಾಗಿ ಓಣಿಯಲ್ಲೇ, ಕತ್ತರಿಗೋಲುಗಳ ಮೇಲೆ, ನಸುಕಿನಲ್ಲಿ ಚಾಚುತ್ತಾರೆ. ಎಳೆಬಿಸಿಲಿಗೆ ಒಂಬತ್ತು ಗಂಟೆಯ ಹೊತ್ತಿಗೆ ಆರಬೇಕು. ಹಸಿ ಗಂಜಿಯ ಮೇಲೆ ಒಂದು ಮಳೆ ಬಿದ್ದರೆ ಸಾವಿರಾರು ಎಳೆಗಳು ಒಂದಕ್ಕೊಂದು ಅಂಟಿ ಹಗ್ಗವಾಗುತ್ತವೆ. ಬಣ್ಣ ಬಣ್ಣಕ್ಕೆ ಇಳಿಯುತ್ತದೆ. ಆರು ಸೀರೆಯೂ ಹೋದಂತೆ.

ಆ ಊರಲ್ಲಿ ನೇರವಾದ ಓಣಿ ಒಂದೇ. ಅದಕ್ಕೆ ಪಾಳಿ ಉಂಟು. ಪಾಳಿ ಹಚ್ಚುವವರು ಪರಪ್ಪಜ್ಜ. ನಾನು ಬರುವ ಮುಂಚೆ ಪಾಳಿ ನಡೆಯುತ್ತಿದ್ದುದು ಅವರ ಮೊಣಕಾಲಿನ ಮೇಲೆ. ಮೊಣಕಾಲು ನೋಯಿತೆಂದರೆ ಮಳೆ.

"ಈಗ ನಿಮ್ಮ ಮೊಣಕಾಲ ದಿನಾ ನೋಯ್ತಾವು ಅಜ್ಜಾ. ನಾವು ವರ್ಷಪೂರ್ತಿ ಮಗ್ಗ ಬಿಚ್ಚಿ ಇಡೂದೇನು?" ಎಂದು ಎದುರು ಮನೆಯ ತಂಗೆವ್ವ ಹಂಗಿಸುತ್ತಿದ್ದಳು. ಆಕೆಯದೂ ಒಂದು ಮಗ್ಗವಿತ್ತು. ನಾಲಿಗೆ ಲಾಳಿಗಿಂತ ಚುರುಕು.

ನಾನು ಬಂದ ಮೂರನೆಯ ದಿನ ಮಾಸ್ತರರು ನನ್ನನ್ನು ನೋಡಿ ಓಣಿಗೆ ಹೋಗಿ, ನಾಳೆ ಚಾಚಬೇಡಿ ಎಂದರು. ಅಂದು ಆಕಾಶ ತೊಳೆದಿಟ್ಟಂತಿತ್ತು. ಜನ ನಕ್ಕರು. ಆದರೂ ಮಾಸ್ತರರ ಮಾತು ಎಂದು ತಡೆದರು. ಮಳೆ ಬಂತು. ನಾಲ್ಕನೆಯ ದಿನ ನನ್ನನ್ನು ವಾಪಸು ಒಯ್ಯಲು ಓಣಿ ಬಿಡಲಿಲ್ಲ.

ಅಂದಿನಿಂದ ಮನೆಯ ಹೊರಗೋಡೆಗೆ ಒಂದು ಕರಿಹಲಗೆ ಬಂತು. ಪ್ರತಿ ಸೋಮವಾರ ಅದರ ಮೇಲೆ ಬರುವ ಏಳು ದಿನಗಳ ಹವೆ. ರೇಡಿಯೊದವರು ಹೇಳುವುದು ಇಡೀ ಉತ್ತರ ಒಳನಾಡಿನ ಮಾತು. ಈ ಹಲಗೆ ಹೇಳುವುದು ಒಂದೇ ಓಣಿಯ ಮಾತು:

'ಮಂಗಳವಾರ, ಬುಧವಾರ ಒಣ. ಇಬ್ಬನಿ ಹೆಚ್ಚು, ಗಂಜಿ ತಡವಾಗಿ ಆರುತ್ತದೆ, ತೆಳ್ಳಗೆ ಬಳಿಯಿರಿ. ಗುರುವಾರ ಮೂಡಣ ಗಾಳಿ, ಕೋಲು ಗಟ್ಟಿಯಾಗಿ ಹೂಳಿ. ಶುಕ್ರವಾರ ಮೋಡ. ಬಹುಶಃ ಮಳೆಯಿಲ್ಲ.'

ಈ 'ಬಹುಶಃ' ಎಂಬುದು ಮಾಸ್ತರರ ಹೆಂಡತಿ ನೀಲಾಂಬಿಕಾಳದು. ಆರು ವರ್ಷದ ಹಿಂದೆ ಸೊಸೆಯಾಗಿ ಬಂದಳು. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ಅಕ್ಷರ ಚೆಂದ. ಹಲಗೆ ಬರೆಯುವ ಕೆಲಸ ಆಕೆಗೆ ಬಂತು. ಮಾಸ್ತರರು ಹೇಳುತ್ತಿದ್ದರು, ಆಕೆ ಬರೆಯುತ್ತಿದ್ದಳು.

"ಖಂಡಿತ ಒಣ ಅಂತ ಬರಿ."

"ಖಂಡಿತ ಅನ್ನೂದು ಲೆಕ್ಕದಾಗ ಬರೂದಿಲ್ರಿ. ಬಹುಶಃ ಅಂತ ಬರೀತೀನಿ."

"ಬಹುಶಃ ಅಂದ್ರ ಯಾರರ ಗಂಜಿ ಕುದಸ್ತಾರೇನ?"

"ಕುದಿಸಿ, ಒಂದ ಕಣ್ಣ ಮುಗಲ ಮ್ಯಾಲ ಇಡ್ತಾರ."

ಪ್ರತಿ ಸೋಮವಾರ ಇದೇ ಜಗಳ. ಪ್ರತಿ ಸೋಮವಾರ 'ಬಹುಶಃ' ಗೆಲ್ಲುತ್ತಿತ್ತು.

ಮಾಸ್ತರರು ದಿನಾ ಬೆಳಿಗ್ಗೆ ಮುಖ ತೊಳೆದು ನೇರ ನನ್ನ ಹತ್ತಿರ ಬರುತ್ತಿದ್ದರು. ತೋರುಬೆರಳ ಗೆಣ್ಣಿನಿಂದ ಎರಡು ಸಲ ತಟ್ಟುತ್ತಿದ್ದರು. ನನ್ನ ಮುಳ್ಳು ಬಿಡಿಸಿಕೊಳ್ಳುತ್ತಿತ್ತು. ಓದಿ, ಹಿತ್ತಾಳೆಯ ಮುಳ್ಳನ್ನು ಸರಿಸಿ, ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯುವಷ್ಟರಲ್ಲಿ ಆಕೆ ಚಹಾ ತಂದಿರುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಅಡುಗೆಮನೆಯಿಂದ ಆ ಸದ್ದು ಕೇಳಿ, ಚಹಾಕ್ಕೆ ಕರೆಯುತ್ತಿದ್ದಾರೆ ಎಂದುಕೊಂಡಿದ್ದಳು. ಹೊಸ ಹೆಂಡತಿಯನ್ನು ತಾಯಿಯ ಮುಂದೆ ಹೆಸರು ಹಿಡಿದು ಕರೆಯಲು ನಾಚಿಕೆ ಇರಬೇಕು ಎಂದುಕೊಂಡಳು. ಮಾಸ್ತರರಿಗೆ ಇದು ಒಂದು ವಾರದಲ್ಲೇ ಗೊತ್ತಾಯಿತು. ಅವರು ತಿದ್ದಲಿಲ್ಲ. ಬಟ್ಟಲು ಕೈಗೆ ಬಂದಾಗ ನನ್ನ ಕಡೆ ನೋಡಿ ಸಣ್ಣಗೆ ನಗುತ್ತಿದ್ದರು. ಆ ನಗು ನಮ್ಮಿಬ್ಬರದು.

ಹೀಗಾಗಿ ಆ ಮನೆಯಲ್ಲಿ ನನ್ನ ಮುಳ್ಳು ಓದಲು ಗೊತ್ತಿದ್ದವರು ಇಬ್ಬರು. ತಟ್ಟಬೇಕೆಂದು ಗೊತ್ತಿದ್ದವರು ಒಬ್ಬರೇ.

ಅವರು ಹೋದದ್ದು ದೀಪಾವಳಿ ಕಳೆದ ಎರಡನೆಯ ವಾರ. ಶಾಲೆಯ ಬಯಲಿನಲ್ಲಿ ಮಕ್ಕಳಿಗೆ ದಿಕ್ಕು ತೋರಿಸುತ್ತಿದ್ದರಂತೆ. ಎದೆ ಹಿಡಿದುಕೊಂಡು ಕುಳಿತರಂತೆ. ಮೂವತ್ತಾರು ವಯಸ್ಸು. ಅಂದು ಬೆಳಿಗ್ಗೆ ಎರಡು ಸಲ ತಟ್ಟಿ, ಹಿತ್ತಾಳೆಯ ಮುಳ್ಳನ್ನು 'ಒಣ' ಎಂಬಲ್ಲಿ ನಿಲ್ಲಿಸಿ ಹೋಗಿದ್ದರು.

ಸತ್ತವರ ವಸ್ತುವನ್ನು ಹದಿಮೂರು ದಿನ ಮುಟ್ಟಬಾರದು. ನನ್ನನ್ನು ಯಾರೂ ಮುಟ್ಟಲಿಲ್ಲ. ಸೂತಕದ ಮನೆಯ ಬಾಗಿಲ ಮುಂದೆ ಹಾಸು ಹಾಯಬಾರದು ಎಂಬುದೂ ಆ ಊರಿನ ಪದ್ಧತಿ. ನಮ್ಮ ಮನೆ ಓಣಿಯ ನಟ್ಟನಡುವೆ. ಹದಿಮೂರು ದಿನ ಓಣಿಯುದ್ದಕ್ಕೂ ಯಾರೂ ಹಾಸು ಚಾಚಲಿಲ್ಲ. ಒಂದೊಂದೇ ಮಗ್ಗದ ಎಳೆ ಮುಗಿದು ಸದ್ದು ನಿಂತಿತು. ಹನ್ನೆರಡನೆಯ ದಿನದ ಹೊತ್ತಿಗೆ ತಂಗೆವ್ವನ ಮಗ್ಗವೂ ನಿಂತಿತು. ಯಾರೂ ಬಂದು ಅದರ ಬಗ್ಗೆ ದೂರಲಿಲ್ಲ.

ನೀಲಾಂಬಿಕಾ ಅಳಲಿಲ್ಲ. ಬಂದವರು ಅಳಿಸಲು ನೋಡಿದರು. "ಅತ್ತ ಬಿಡವ್ವಾ, ಎದಿ ಹಗುರಾಕ್ಕೈತಿ" ಎಂದರು. ಆಕೆ ಕೂತಲ್ಲೇ ಕೂತಿದ್ದಳು. ಕೊಟ್ಟದ್ದು ತಿಂದಳು. ಬೆಸುಗೆ ಹಾಕಿದ ಡಬ್ಬಿಯೊಳಗೆ ಹೇಗಿರುತ್ತದೆ ಎಂದು ನನಗೆ ಗೊತ್ತು. ಅಲ್ಲಿ ನೋವು ಇರುವುದಿಲ್ಲ. ಸುತ್ತಲಿನ ಒತ್ತಡ ಮಾತ್ರ ಇರುತ್ತದೆ.

ಭಾನುವಾರ ಮಧ್ಯಾಹ್ನ, ಹದಿಮೂರನೆಯ ದಿನದ ಪಂಗ್ತಿ ಕೂತಿದ್ದಾಗ, ಹೊರಗೆ ಗಾಳಿಯ ಭಾರ ಇಳಿಯತೊಡಗಿತು. ದೂರದ ಸಮುದ್ರದ ಮೇಲೆ ಎಲ್ಲೋ ಏನೋ ಏಳುತ್ತಿತ್ತು. ನನ್ನ ಡಬ್ಬಿ ಉಬ್ಬಿತು. ಸರಪಳಿ ಸಡಿಲಾಯಿತು. ಮುಳ್ಳು ಅಲುಗಲಿಲ್ಲ. 'ಒಣ' ಎಂಬಲ್ಲಿ, ಹಿತ್ತಾಳೆಯ ಮುಳ್ಳಿನ ಕೆಳಗೇ, ಕಚ್ಚಿಕೊಂಡು ನಿಂತಿತ್ತು.

ಸೋಮವಾರ, ಆ ಚಹಾ ಕಷಾಯವಾದ ಬೆಳಿಗ್ಗೆ, ಪರಪ್ಪಜ್ಜ ಬಂದರು. ಹಿಂದೆ ತಂಗೆವ್ವ. ಒಳಗೆ ಬರದೆ ಬಾಗಿಲಲ್ಲೇ ನಿಂತರು.

"ಗುರುಸಂಗವ್ವಾ, ಕೇಳಾಕ ಬಾಯಿ ಬರವಲ್ದು" ಎಂದರು ಅಜ್ಜ. "ಮೂರ ಮನ್ಯಾಗ ಹಾಸ ತಯಾರೈತಿ. ಸೂತಕ ತೀರಿತು, ನಾಳಿಂದ ಓಣಿ ಬಿಡತೈತಿ. ಹಲಗಿ ಒಂದ…"

"ಹೇಳಾಂವ ಹ್ವಾದನಲ್ಲಪಾ" ಎಂದರು ಗುರುಸಂಗವ್ವ.

"ಬರೀತಿದ್ದಾಕಿ ಇದ್ದಾಳಲ್ಲ" ಎಂದಳು ತಂಗೆವ್ವ. ತುಸು ಮೆತ್ತಗೆ, "ಇಲ್ಲಂದ್ರ ಮತ್ತ ಈ ಅಜ್ಜನ ಮೊಣಕಾಲಿಗೇ ಕೈ ಮುಗೀಬೇಕವ್ವಾ" ಎಂದು ಸೇರಿಸಿದಳು.

ಗುರುಸಂಗವ್ವ ಸೊಸೆಯ ಕಡೆ ನೋಡಿದರು. ಆಮೇಲೆ, "ಆಕಿ ಮೂರ ತಿಂಗಳ ಹೊಸ್ತಲಾ ದಾಟೂಹಂಗಿಲ್ಲ. ಹಲಗೀನ ಒಳಗ ತರ್ರಿ" ಎಂದರು.

ಹಲಗೆ ಒಳಗೆ ಬಂತು. ಪಡಸಾಲೆಯ ನೆಲದ ಮೇಲೆ ಮಲಗಿತು. ನೀಲಾಂಬಿಕಾ ಎದ್ದು ನನ್ನ ಮುಂದೆ ನಿಂತಳು. ಎರಡೂ ಮುಳ್ಳು ಒಂದರ ಮೇಲೊಂದು. ನನ್ನ ಪೂರ್ತಿ ಆಯುಸ್ಸಿನಲ್ಲಿ ಕೂಗಬೇಕು ಎನಿಸಿದ್ದು ಆಗ. ಡಬ್ಬಿಗೆ ಬಾಯಿಲ್ಲ. ಇದ್ದ ಬಾಯಿಗೂ ಬೆಸುಗೆ ಹಾಕಿದ್ದಾರೆ. ಆಕೆಯ ಕೈ ಗಾಜಿನ ಹತ್ತಿರ ಬಂತು. ಮೇಲಿದ್ದ ಧೂಳನ್ನು ಸೆರಗಿನಿಂದ ಒರಸಿತು. ಮೆತ್ತಗೆ ಒರಸಿತು. ಅಷ್ಟಕ್ಕೆ ನನ್ನ ಮುಳ್ಳು ಬಿಡುವುದಿಲ್ಲ.

ಆಕೆ ನೆಲದ ಮೇಲೆ ಕೂತು ಬರೆದಳು. 'ಮಂಗಳವಾರ, ಬುಧವಾರ, ಗುರುವಾರ ಒಣ.'

ಅಷ್ಟೇ. ಇಬ್ಬನಿಯ ಮಾತಿಲ್ಲ, ಗಾಳಿಯ ಮಾತಿಲ್ಲ. 'ಬಹುಶಃ' ಬರೆಯಲಿಲ್ಲ. ಬೇಡವೆಂದು ಬಿಟ್ಟದ್ದಲ್ಲ, ಜಗಳವಾಡಲು ಯಾರೂ ಇರಲಿಲ್ಲ, ಹಾಗಾಗಿ ಆ ಶಬ್ದ ನೆನಪಿಗೆ ಬರಲಿಲ್ಲ.

ಹಲಗೆ ಹೊರಗೆ ಹೋಯಿತು. ಓಣಿಯಲ್ಲಿ ಗಂಜಿಗೆ ಹಿಟ್ಟು ಜರಡಿ ಹಿಡಿಯುವ ಸದ್ದು ಕೇಳಿಸಿತು.

ಮಂಗಳವಾರ ನಸುಕಿನಲ್ಲಿ ಮೂರು ಹಾಸುಗಳು ಓಣಿಯಲ್ಲಿ ಬಿದ್ದವು. ಎರಡು ನಮ್ಮ ಮನೆಯ ಮುಂದೆಯೇ ಹಾಯ್ದಿದ್ದವು. ಒಂದು ತಂಗೆವ್ವನದು, ಇನ್ನೊಂದು ಪರಪ್ಪಜ್ಜನದು. ಮೂರನೆಯದು ಓಣಿಯ ಕೊನೆಯಲ್ಲಿ, ನಿಂಗಪ್ಪನದು. ಕಿಟಕಿಯಿಂದ ನನಗೆ ತಂಗೆವ್ವನ ಹಾಸಿನ ಒಂದು ತುಂಡು ಕಾಣುತ್ತಿತ್ತು. ಹಸಿ ಗಂಜಿ ಹಚ್ಚಿದ ಕೆಂಪು ಎಳೆಗಳು. ಇಬ್ಬದಿಯಲ್ಲಿ ಕುಂಚ ಹಿಡಿದ ಕೈಗಳು. ಹದಿಮೂರು ದಿನದ ಮೇಲೆ ಓಣಿಗೆ ಬಾಯಿ ಬಂದಿತ್ತು. ಯಾರೋ ನಕ್ಕರು. ನಕ್ಕವರನ್ನು ಯಾರೋ ಸುಮ್ಮನಾಗಿಸಿದರು.

ಅಡುಗೆಮನೆಯಲ್ಲಿ ಚಹಾ ಕುದಿಯುತ್ತಿತ್ತು. ಮತ್ತೆ ಕುದಿಯುತ್ತಲೇ ಇತ್ತು.

ನೀಲಾಂಬಿಕಾ ಅಡುಗೆಮನೆಯಿಂದ ಬಂದಳು. ನನ್ನ ಮುಂದೆ ನಿಂತಳು. ಬೆರಳು ಮಡಚಿದಳು. ಎರಡು ಸಲ ತಟ್ಟಿದಳು.

ಹವೆ ನೋಡಲು ಅಲ್ಲ. ಚಹಾ ಸೋಸಲು ಯಾರಾದರೂ ತಟ್ಟಬೇಕಿತ್ತು, ಅಷ್ಟೇ.

ನನ್ನ ಮುಳ್ಳು ಬಿಡಿಸಿಕೊಂಡಿತು. ನಮ್ಮ ಸೀಮೆಯಲ್ಲಿ ನಾನು ಜೋಳದ ಕಾಳಿನಷ್ಟು ಸರಿದರೆ ಅದು ಸುದ್ದಿ. ಅಂದು ಮೂರು ಕಾಳಿನಷ್ಟು ಜಾರಿದೆ. 'ಒಣ' ದಾಟಿ, 'ಬದಲು' ದಾಟಿ, 'ಮಳೆ' ಎಂದು ಮಾಸ್ತರರು ಅಂಟಿಸಿದ್ದ ಚೀಟಿಯ ಅಂಚಿಗೆ ಬಂದು ನಿಂತೆ. ಹಿತ್ತಾಳೆಯ ಮುಳ್ಳು ಅಲ್ಲೇ ಉಳಿಯಿತು.

ಆಕೆ ನೋಡಿದಳು. ಬೆರಳು ಇನ್ನೂ ಗಾಜಿನ ಮೇಲೆಯೇ ಇತ್ತು. ತನ್ನ ಬೆರಳನ್ನು ನೋಡಿದಳು. ಆರು ವರ್ಷದ ಚಹಾ, ಆ ಸದ್ದು, ಆ ನಗು, ಎಲ್ಲ ಆಕೆಗೆ ಆಗ ಒಟ್ಟಿಗೆ ಅರ್ಥವಾಗಿರಬೇಕು. ಮುಖದಲ್ಲಿ ಏನೂ ಕಾಣಲಿಲ್ಲ. ನನ್ನನ್ನು ಮೊಳೆಯಿಂದ ಕಿತ್ತು ಎದೆಗೆ ಅವಚಿಕೊಂಡಳು.

"ನೀಲಾ, ಹೊಸ್ತಲಾ!" ಎಂದರು ಗುರುಸಂಗವ್ವ.

ದಾಟಿಯಾಗಿತ್ತು.

ಆಕೆಯ ತೋಳಿನ ಸಂದಿನಿಂದ ನಾನು ಇಡೀ ಓಣಿ ನೋಡಿದೆ. ಎಂಟು ವರ್ಷದಲ್ಲಿ ಮೊದಲ ಸಲ. ಹಾಸು ಎಷ್ಟು ಉದ್ದವಿರುತ್ತದೆ ಎಂದು ಅಂದೇ ತಿಳಿದದ್ದು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ.

"ಎತ್ರಿ" ಎಂದಳು. ಮತ್ತೆ ಹೇಳಿದಳು. "ಹಾಸ ಎತ್ರಿ. ಮಳಿ ಬರತೈತಿ."

ಕುಂಚಗಳು ನಿಂತವು.

ನಿಂಗಪ್ಪ ದೂರದಿಂದಲೇ ಮುಗಿಲು ನೋಡಿದ. ಆಮೇಲೆ ಹಲಗೆ ನೋಡಿದ. "ನಿನ್ನೆ ಬರದಾಕಿ ನೀವ, ಇವತ್ತ ಹೇಳಾಕತ್ತಾಕಿ ನೀವ. ಯಾವುದು ನಂಬೂದ್ರಿ ಅಕ್ಕಾರ?" ಎಂದ. ಕೆಟ್ಟ ದನಿಯಲ್ಲಿ ಅಲ್ಲ. ನಿಜವಾಗಿ ಕೇಳಿದ.

ಆಕೆ ನನ್ನನ್ನು ಪರಪ್ಪಜ್ಜನ ಮುಂದೆ ಹಿಡಿದಳು. "ಮುಳ್ಳ ಕಚ್ಚಿತ್ರಿ ಅಜ್ಜಾರ. ಅವರು ದಿನಾ ತಟ್ಟತಿದ್ರು. ನನಗ ಗೊತ್ತಿರಲಿಲ್ಲ. ನಾ ಚಹಾಕ್ಕ ಅಂತ ತಿಳದಿದ್ದೆ."

ಯಾರಿಗೂ ಪೂರ್ತಿ ಅರ್ಥವಾಗಲಿಲ್ಲ. ಪರಪ್ಪಜ್ಜ ನನ್ನನ್ನು ಬಗ್ಗಿ ನೋಡಿದರು. ಓದಲು ಅವರಿಗೆ ಬರುತ್ತಿರಲಿಲ್ಲ. ಎರಡು ಮುಳ್ಳಿನ ನಡುವೆ ಬಿಟ್ಟ ಜಾಗ ಕಂಡಿತು.

"ಹಸೀ ಹಾಸ ಸುತ್ತಿದ್ರೂ ಹಾಳ, ಬಿಟ್ರೂ ಹಾಳ" ಎಂದರು.

"ಸುತ್ತೂದು ಬ್ಯಾಡ. ಚಾಚಿದ್ದು ಚಾಚಿದ್ಹಂಗ ಎತ್ರಿ" ಎಂದಳು ತಂಗೆವ್ವ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಸಾಲಿ ಪಡಸಾಲಿ ಐತಲ್ಲ, ಉದ್ದಕ. ಏ, ನಿಂತ ನೋಡಬ್ಯಾಡ್ರಿ, ನಿಮ್ಮನ್ಯಾಗ ಮದಿವಿ ಮೆರವಣಿಗಿ ಬಂದಿಲ್ಲ! ಕೋಲಿಗಿಬ್ಬರು ಬರ್ರಿ!"

ಅಂಥದನ್ನು ನಾನು ಹಡಗಿನಲ್ಲೂ ಕಂಡಿಲ್ಲ. ಕೋಲಿಗೆ ಇಬ್ಬರಂತೆ ಓಣಿಯ ಜನರೆಲ್ಲ ಹಾಸಿನ ಎರಡೂ ಬದಿ ನಿಂತರು. ಒಟ್ಟಿಗೆ ಎತ್ತಿದರು. ಬಿಗಿ ಸಡಿಲಾಗದಂತೆ, ಒಬ್ಬರ ಹೆಜ್ಜೆ ಒಬ್ಬರು ನೋಡುತ್ತ, ಅಡ್ಡಡ್ಡವಾಗಿ ನಡೆದರು. ಓಣಿಯ ಮಗ್ಗುಲಿಗೇ ಶಾಲೆ. ಮಾಸ್ತರರು ಎಂಟು ವರ್ಷ ನಡೆದಾಡಿದ ಆ ಉದ್ದನೆಯ ಪಡಸಾಲೆಯಲ್ಲಿ ತಂಗೆವ್ವನ ಹಾಸು ಕೆಂಪಗೆ ಚಾಚಿಕೊಂಡಿತು. ಪರಪ್ಪಜ್ಜನ ಹಾಸು ಅದರ ಪಕ್ಕದಲ್ಲಿ ಬಂತು. ಮೂರನೆಯದಕ್ಕೂ ಜಾಗವಿತ್ತು. ನಿಂಗಪ್ಪ ಎತ್ತಲಿಲ್ಲ.

ಏಳೂವರೆಗೆ ಮೂಡಣದಲ್ಲಿ ಕಪ್ಪಾಯಿತು. ಎಂಟಕ್ಕೆ, ಗಂಜಿ ಇನ್ನೂ ಹಸಿಯಿರುವಾಗಲೇ, ಮೊದಲ ಹನಿ ಬಿತ್ತು. ಹದಿನೈದು ನಿಮಿಷ ಸುರಿದು ನಿಂತಿತು. ಅಷ್ಟು ಸಾಕಾಗಿತ್ತು.

ನಿಂಗಪ್ಪ ತನ್ನ ಹಾಸಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ನೀಲಿ ಬಣ್ಣ ನೆಲದ ಕೆಂಪು ನೀರಿನಲ್ಲಿ ಹರಿಯುತ್ತಿತ್ತು. ನೀಲಾಂಬಿಕಾ ಅವನ ಹತ್ತಿರ ಹೋಗಿ ನಿಂತಳು. ಅವನು ತಲೆಯೆತ್ತಲಿಲ್ಲ.

"ಮಾಸ್ತರ ಇದ್ದಾಗ 'ಬಹುಶಃ' ಅಂತಾದ್ರೂ ಇರ್ತಿತ್ರಿ" ಎಂದ.

"ಹೌದ್ರಿ" ಎಂದಳು ಆಕೆ.

ಮನೆಗೆ ಬಂದು, ಹೊರಗೆ ನಿಂತೇ ಹಲಗೆ ಒರಸಿದಳು. ಮಳೆ ಅರ್ಧ ಒರಸಿತ್ತು. 'ಒಣ' ಎಂಬುದು ಹಾಗೇ ಉಳಿದಿತ್ತು; ಅದನ್ನು ಎರಡು ಸಲ ಉಜ್ಜಿದಳು.

ಆ ಮಧ್ಯಾಹ್ನ ಆಕೆ ಮಾಸ್ತರರ ನೋಟ್‌ಬುಕ್ಕುಗಳನ್ನು ತೆಗೆದಳು. ವರ್ಷಕ್ಕೊಂದರಂತೆ ಎಂಟು. ಎಂಟೂ ಪುಸ್ತಕಗಳ ಮೊದಲ ಪುಟದಲ್ಲಿ ಒಂದೇ ಸಾಲು ಇತ್ತು: 'ರಾಜೇಸಾಬ ಚಾಚಾರಿಂದ ನಾಲ್ಕು ದಿನಕ್ಕೆ ತಂದದ್ದು. ಈ ವರ್ಷ ವಾಪಸು ಕೊಡಬೇಕು.' ಎಂಟನೆಯದರಲ್ಲಿ 'ಈ ವರ್ಷ' ಎಂಬುದರ ಕೆಳಗೆ ಗೆರೆ ಎಳೆದಿದ್ದರು.

ಆಕೆ ಅದನ್ನು ಅತ್ತೆಗೆ ಓದಿ ಹೇಳಿದಳು. ಹೊಸ್ತಿಲು ದಾಟಿದ ಮಾತು ಬೆಳಗಿನಿಂದ ಇಬ್ಬರ ನಡುವೆ ಹಾಗೇ ಬಿದ್ದಿತ್ತು. ಗುರುಸಂಗವ್ವ ಹತ್ತಿಯ ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸಿದರು.

"ಮಂದಿ ವಸ್ತು ಇಟ್ಕೊಂಡ ಹ್ವಾದ ಅಂತ ಆಗಬಾರದು" ಎಂದರು. "ಗುರುವಾರ ಹೋಗಿ ಕೊಟ್ಟ ಬಾ."

"ನಾನ ಹೋಗ್ಲೇನ್ರಿ?"

"ಮತ್ಯಾರ ಹೋಗ್ತಾರ? ನಿನಗ ಅದರ ಮಾತ ತಿಳೀತೈತಿ." ಮತ್ತೆ ಬತ್ತಿ ಹೊಸೆಯುತ್ತ, "ಕಾಲ ಹೆಂಗೂ ಹೊರಗ ಬಿದ್ದೈತಿ" ಎಂದರು. ನೋಡಿದರೆ ಅವರ ಕಣ್ಣು ತುಂಬಿತ್ತು. ಆಕೆಯದು ಒಣಗೇ ಇತ್ತು.

ಓಣಿಗೆ ಸುದ್ದಿ ಹೋಯಿತು. ಪರಪ್ಪಜ್ಜ ಬಂದು ಒಂದು ಮಾತು ಕೇಳಿದರು. "ಅದನ್ನ ಕೊಟ್ಟ ಮ್ಯಾಲ ನಮ್ಮ ಗತಿ?"

"ತುಕ್ಕ ಹಿಡದೈತ್ರಿ ಅಜ್ಜಾರ. ಅವರ ಬೆರಳಿಗೆ ಗೊತ್ತಿತ್ತು. ನನ್ನ ಬೆರಳಿಗೆ ಗೊತ್ತಿಲ್ಲ. ಇನ್ನೊಬ್ಬ ನಿಂಗಪ್ಪ ಬ್ಯಾಡ."

ಅಜ್ಜ ಮೊಣಕಾಲು ಸವರಿಕೊಂಡು ಎದ್ದರು.

ಗುರುವಾರ ನನ್ನನ್ನು ಮಾಸ್ತರರ ಹಳೆಯ ಪಂಚೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಆಕೆ ಬಸ್ಸಿನಲ್ಲಿ ಕೂತಳು. ಬಸ್ಸಿನ ಕುಲುಕಾಟಕ್ಕೆ ನನ್ನ ಮುಳ್ಳು ದಾರಿಯುದ್ದಕ್ಕೂ ಸಡಿಲವಾಗಿ ಆಡುತ್ತಿತ್ತು. ಅಷ್ಟು ಹೊತ್ತು ಬಿಡುಗಡೆಯಾಗಿ ನಾನು ಎಂದೂ ಇದ್ದವನಲ್ಲ.

ಅಂಗಡಿಯಲ್ಲಿ ರಾಜೇಸಾಬನಿಗೆ ವಯಸ್ಸಾಗಿತ್ತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಗಡಿಯಾರದೊಳಗೆ ಬಗ್ಗಿದ್ದ. ಆಕೆ ಪಂಚೆ ಬಿಚ್ಚಿ ನನ್ನನ್ನು ಮೇಜಿನ ಮೇಲಿಟ್ಟಳು.

"ನಾಕ ದಿನಕ್ಕ ಅಂತ ಒಯ್ದಿದ್ರಂತ. ತಡಾ ಆತ್ರಿ."

ಆತ ನನ್ನನ್ನು ನೋಡಿದ. ಆಕೆಯ ಬರಿಯ ಹಣೆ ನೋಡಿದ. ಭೂತಗನ್ನಡಿ ತೆಗೆದು ಕೆಳಗಿಟ್ಟ.

"ಪ್ರಭು?"

ಆಕೆ ತಲೆಯಾಡಿಸಿದಳು.

"ಸಂತಿಗೆ ಬಂದಾಗೊಮ್ಮೆ ಬರಾಂವ" ಎಂದ ರಾಜೇಸಾಬ. "ಬಾಗಲಾಗ ನಿಂತ, ಚಾಚಾ, ಮುಂದಿನ ತಿಂಗಳ ತರ್ತೀನಿ ಅಂತಿದ್ದ. ನಾ ತಗೊಂಡ ಏನ ಮಾಡ್ಲೋ, ನಿನ್ನ ಮುಖಾ ತೋರಸಾಕರ ಒಂದ ನೆಪಾ ಐತಿ, ಇರಲಿ, ಅಂತಿದ್ದೆ."

ಆಕೆ ಹೊರಡಲು ತಿರುಗಿದಳು. ಕೊಡುವುದು ಮುಗಿದಿತ್ತು.

ರಾಜೇಸಾಬ ನನ್ನನ್ನು ಎತ್ತಿ ಹಿಡಿದ. ಗಡಿಯಾರದವರ ಕೈ ಅಭ್ಯಾಸ. ಬೆರಳು ಮಡಚಿ ಗಾಜಿನ ಮೇಲೆ ಎರಡು ಸಲ ತಟ್ಟಿದ.

ಬಾಗಿಲ ಹತ್ತಿರ ಆಕೆ ಥಟ್ಟನೆ ನಿಂತಳು. ಹೊರಳಿದಳು. ಗಡಿಯಾರಗಳ ನಡುವೆ ಅಡುಗೆಮನೆಯ ಬಾಗಿಲು ಹುಡುಕುವವಳಂತೆ ಸುತ್ತ ನೋಡಿದಳು.

"ಏನ್ ಬೇಕವ್ವಾ?"

"ಚಹಾ…" ಎಂದಳು.

"ಹೇಳ್ತೀನವ್ವಾ, ಈಗ ಬರತೈತಿ. ಕೂಡು" ಎಂದ ರಾಜೇಸಾಬ. ಎದುರಿನ ಹೋಟೆಲಿನ ಕಡೆ ಎರಡು ಬೆರಳು ತೋರಿಸಿದ.

ಆಕೆ ಕೂತಳು. ಚಹಾ ಬಂತು. ಬಟ್ಟಲನ್ನು ಎರಡೂ ಕೈಯಿಂದ ಹಿಡಿದಳು. ಆರು ವರ್ಷ ಆ ಸದ್ದಿಗೆ ಆಕೆ ಚಹಾ ತಂದುಕೊಟ್ಟವಳು. ಆಕೆಗೆ ಯಾರೂ ತಂದುಕೊಟ್ಟಿರಲಿಲ್ಲ. ಒಂದು ಗುಟುಕು ಕುಡಿದಳು. ಆಮೇಲೆ ಅತ್ತಳು. ರಾಜೇಸಾಬ ಮುಖ ತಿರುಗಿಸಿ ಯಾರದೋ ಗಡಿಯಾರಕ್ಕೆ ಕೀಲಿ ಕೊಡುತ್ತ ಕೂತ.

ನಾನೀಗ ಈ ಅಂಗಡಿಯ ಮೂಲೆಯ ಗೂಟದಲ್ಲಿದ್ದೇನೆ. ಗೋಡೆ ನೋಡುತ್ತಿಲ್ಲ, ಬೀದಿ ನೋಡುತ್ತಿದ್ದೇನೆ. ಬಂದವರು ಹೊತ್ತು ಕೇಳುತ್ತಾರೆ. ನನ್ನ ಡಬ್ಬಿ ಇನ್ನೂ ಒಡೆದಿಲ್ಲ, ಕುಗ್ಗುತ್ತದೆ, ಉಬ್ಬುತ್ತದೆ. ಮುಳ್ಳು ಬಹಳ ಸಲ ಕಚ್ಚಿಕೊಂಡೇ ಇರುತ್ತದೆ. ಒಳಗೆ ಗೊತ್ತಿರುವುದೆಲ್ಲ ಹೊರಗೆ ಕಾಣಲೇಬೇಕೆಂದಿಲ್ಲ. ಹಾಗೆಂದು ಒಳಗೆ ಏನೂ ಆಗುತ್ತಿಲ್ಲ ಎಂದೂ ಅಲ್ಲ. ಇಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಹಿತ್ತಾಳೆಯ ಮುಳ್ಳಿನ ಮಾತೊಂದು ಉಳಿಯಿತು. ಆ ಗುರುವಾರದವರೆಗೂ ಅದು ಮಾಸ್ತರರು ನಿಲ್ಲಿಸಿದ ಜಾಗದಲ್ಲೇ ಇತ್ತು. ಚಹಾ ಮುಗಿಸಿ, ಬಟ್ಟಲು ಕೆಳಗಿಟ್ಟು, ಆಕೆ ಎದ್ದು ಬಂದಳು. ಗಾಜಿನ ನಡುವಿನ ಗುಂಡಿಯನ್ನು ಹಿಡಿದಳು. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು. ಆಮೇಲೆ ಮೆಲ್ಲಗೆ ತಿರುಗಿಸಿ, ಅದನ್ನು ಆ ದಿನದ ಮುಳ್ಳಿನ ಮೇಲೆ ತಂದು ನಿಲ್ಲಿಸಿ, ಹೋದಳು.